ದುಡಿಯುವವರಿಗೆ ನ್ಯಾಯ: ಪರಸ್ಪರ ಕಲಿಯಬೇಕಾದ ಪಾಠ

(ಸಣ್ಣ ವ್ಯಾಪಾರಿಗಳು, ಶಾಲಾ ಆಡಳಿತ ಮಂಡಳಿಗಳ ಸದಸ್ಯರು ಹಾಗೂ ಉದ್ಯೋಗಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ನ್ಯಾಯದ ಕುರಿತು ಸಮುದಾಯದ ವೇದಿಕೆಗಳಲ್ಲಿ ಕೇಳಿಬರುವ ಮಾತುಗಳಲ್ಲಿ ಹೆಚ್ಚಿನವು ಹೊರಮುಖವಾದುವು. ಸರಕಾರಿ ಉದ್ಯೋಗದಲ್ಲಿ ಪ್ರಾತಿನಿಧ್ಯವೆಷ್ಟು, ಬ್ಯಾಂಕ್ ಸಾಲದಲ್ಲಿ ಪಾಲೆಷ್ಟು, ಬಾಡಿಗೆಗೆ ಮನೆ ಯಾಕೆ ಸಿಗುವುದಿಲ್ಲ ಎಂಬಿತ್ಯಾದಿ ಪ್ರಶ್ನೆಗಳನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಅವು ನ್ಯಾಯಯುತ ಪ್ರಶ್ನೆಗಳು, ಕೇಳುತ್ತಲೇ ಇರಬೇಕಾದವುಗಳು. ಆದರೆ ನ್ಯಾಯವನ್ನು ಕೇಳುವವರು ಮಾತ್ರವಲ್ಲ, ಕೊಡಬೇಕಾದವರೂ ನಮ್ಮಲ್ಲಿ ಇದ್ದಾರೆ. ಅಂಗಡಿಯ ಮಾಲಕರು, ಶಾಲೆಯ ಟ್ರಸ್ಟಿಗಳು, ಆಸ್ಪತ್ರೆ ನಡೆಸುವವರು, ಗುತ್ತಿಗೆದಾರರು ಇವರೆಲ್ಲರ ಕೈಕೆಳಗೆ ದುಡಿಯುವ ಜೀವಗಳಿವೆ. ಅವರಿಗೆ ಸಂಬಂಧಿಸಿದ ನಿಯಮಗಳನ್ನು ಯಾರು, ಹೇಗೆ ರೂಪಿಸಬೇಕು ಎಂಬುದೇ ಇಂದಿನ ವಿಷಯ.

ಈ ವಿಷಯ ನಮಗೆ ಯಾಕೆ ಮುಖ್ಯ? ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಒಂದು ಅಂಶವಿದೆ. ದೇಶದ ಮುಸ್ಲಿಮ್ ದುಡಿಯುವ ವರ್ಗದಲ್ಲಿ ಸುಮಾರು ಶೇ. 61 ಮಂದಿ ಸ್ವಉದ್ಯೋಗಿಗಳಾಗಿದ್ದರು. ಲಿಖಿತ ಒಪ್ಪಂದ, ಪಿಂಚಣಿ, ಭವಿಷ್ಯನಿಧಿಗಳಿರುವ ಉದ್ಯೋಗದಲ್ಲಿ ಅವರ ಪ್ರಮಾಣ ತೀರಾ ಕಡಿಮೆಯಿತ್ತು. ಅರ್ಥಾತ್, ನಮ್ಮ ಆರ್ಥಿಕ ಬದುಕು ನಿಂತಿರುವುದು ಸಣ್ಣ ಅಂಗಡಿ, ಕಾರ್ಯಾಗಾರ ಮತ್ತು ಮನೆಗೆಲಸದ ಉದ್ದಿಮೆಗಳ ಮೇಲೆ. ದೊಡ್ಡ ಕಂಪೆನಿಗಳಲ್ಲಿ ಸಿಬ್ಬಂದಿ ವಿಭಾಗವಿದೆ, ವಕೀಲರಿದ್ದಾರೆ, ಇನ್ನೂರು ಪುಟಗಳ ನಿಯಮಾವಳಿಯಿದೆ. ಆರು ಮಂದಿ ದುಡಿಯುವ ಚಪ್ಪಲಿ ಅಂಗಡಿಯಲ್ಲಿ ಏನಿದೆ? ಅಲ್ಲಿ ಮಾಲಕನ ಮನಸ್ಸೇ ಸಿಬ್ಬಂದಿ ವಿಭಾಗ, ಅವನ ಬಾಯಿಮಾತೇ ನಿಯಮಾವಳಿ. ಮನಸ್ಸು ಒಳ್ಳೆಯದಿದ್ದ ದಿನ ರಜೆ ಸಿಗುತ್ತದೆ, ಕೆಟ್ಟಿದ್ದ ದಿನ ಸಂಬಳ ಕಡಿತವಾಗುತ್ತದೆ. ದಯೆ ಎಷ್ಟೇ ದೊಡ್ಡದಾದರೂ ಅದು ಹಕ್ಕಿನ ಸ್ಥಾನವನ್ನು ತುಂಬಲಾರದು.

ದೊಡ್ಡ ಕಂಪೆನಿಯ ನಿಯಮಾವಳಿಯನ್ನು ನಕಲು ಮಾಡಿದರೆ ಸಣ್ಣ ಅಂಗಡಿಗೆ ಅದು ಹೊಂದುವುದಿಲ್ಲ. ಸರಕಾರದ ಕಾನೂನು ಕನಿಷ್ಠ ಮಿತಿಯನ್ನು ಹೇಳುತ್ತದೆ. ಅದನ್ನು ದಿನನಿತ್ಯ ನಡೆಸುವ ಬಗೆಯನ್ನು ಹೇಳುವುದಿಲ್ಲ. ಆದ್ದರಿಂದ ಉಳಿದಿರುವ ದಾರಿ ಒಂದೇ. ಒಂದೇ ಬಗೆಯ ಸಂಸ್ಥೆಗಳನ್ನು ನಡೆಸುವವರು ಮತ್ತು ಅಲ್ಲಿ ದುಡಿಯುವವರು ಒಟ್ಟು ಸೇರಿ ಒಬ್ಬರಿಂದೊಬ್ಬರು ಕಲಿಯುವುದು. ಇದು ಹೊಸ ವಿಚಾರವೇನೂ ಅಲ್ಲ. ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ‘ಶೂರಾ’, ಅಂದರೆ ಪರಸ್ಪರ ಸಮಾಲೋಚನೆ. ನಮ್ಮ ದೇಶದ ಕಾರ್ಮಿಕ ಚರಿತ್ರೆಯಲ್ಲೂ ಇದಕ್ಕೆ ಸ್ಪಷ್ಟ ಉದಾಹರಣೆಗಳಿವೆ.

ವಾರದ ರಜೆ ಬಂದ ಬಗೆ

ಇಂದು ನಾವು ಸಹಜವೆಂದು ಭಾವಿಸುವ ವಾರದ ರಜೆ 19ನೇ ಶತಮಾನದ ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಕಾರ್ಮಿಕನ ಹಕ್ಕಾಗಿರಲಿಲ್ಲ. ಜ್ಯೋತಿಬಾ ಫುಲೆಯವರ ಸಂಗಾತಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವಾರಕ್ಕೊಂದು ರಜೆಯ ಬೇಡಿಕೆಯನ್ನು ಮುಂದಿಟ್ಟರು. ಆರು ವರ್ಷಗಳ ಹೋರಾಟದ ಬಳಿಕ, 1890ರ ಜೂನ್ 10ರಂದು ಗಿರಣಿ ಮಾಲಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಕಾನೂನಾಯಿತು.

ಇಲ್ಲಿ ಗಮನಿಸಬೇಕಾದುದೇನು? ಒಬ್ಬನೇ ಮಾಲಕ ಗಿರಣಿ ಮುಚ್ಚಿದ್ದರೆ ಪಕ್ಕದ ಗಿರಣಿ ಅವನ ವ್ಯಾಪಾರವನ್ನು ನುಂಗುತ್ತಿತ್ತು. ಎಲ್ಲರೂ ಕೂಡಿ ಒಂದೇ ದಿನ ಮುಚ್ಚಲು ಒಪ್ಪಿದಾಗ ಯಾರೊಬ್ಬರೂ ಪ್ರತ್ಯೇಕವಾಗಿ ನಷ್ಟ ಹೊರಬೇಕಾಗಲಿಲ್ಲ. ಇಂದಿಗೂ ಪೇಟೆಬೀದಿಯ ವ್ಯಾಪಾರಿಗಳು ಹೇಳುವುದು ಇದನ್ನೇ: ‘ನಾನೊಬ್ಬ ಮುಚ್ಚಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ.’ ಈ ಮಾತಿನಲ್ಲಿ ಸತ್ಯವಿದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ಪೂರ್ಣ ದಿನದ ರಜೆಯನ್ನು ಕಡ್ಡಾಯಗೊಳಿಸಿದ್ದರೂ ಅನೇಕ ಬೀದಿಗಳಲ್ಲಿ ಅದು ಕಾಗದದಲ್ಲೇ ಉಳಿದಿರುವುದಕ್ಕೆ ಈ ಭಯವೂ ಒಂದು ಕಾರಣ. ಈ ಭಯಕ್ಕೆ ಮದ್ದು ಉಪದೇಶವಲ್ಲ, ಒಪ್ಪಂದ. ಎದುರಿನ ಅಂಗಡಿಯವನೊಂದಿಗೆ ಕುಳಿತು ಮಾತಾಡುವುದೇ ಅದರ ಮೊದಲ ಹೆಜ್ಜೆ.

ಒಂದು ಕುರ್ಚಿಯ ಪಯಣ

ಎರಡನೆಯ ಉದಾಹರಣೆ ನೆರೆಯ ಕೋಝಿಕ್ಕೋಡಿನದ್ದು. ಅಲ್ಲಿನ ಮಿಠಾಯಿ ತೆರುವು ಬಟ್ಟೆ ಅಂಗಡಿಗಳಿಗೆ ಪ್ರಸಿದ್ಧ. ಆ ಅಂಗಡಿಗಳಲ್ಲಿ ದುಡಿಯುವ ಮಹಿಳೆಯರು ದಿನವಿಡೀ ನಿಂತೇ ಇರಬೇಕಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲೂ ಕುಳಿತುಕೊಳ್ಳುವಂತಿರಲಿಲ್ಲ. ಶೌಚಾಲಯದ ಸೌಕರ್ಯವೂ ಇಲ್ಲದೆ ಅನೇಕರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕಾಲು ಬಾವು, ಬೆನ್ನು ನೋವು, ಮೂತ್ರದ ಸೋಂಕು ಅವರ ಪಾಲಿಗೆ ಉದ್ಯೋಗದ ಭಾಗವೇ ಆಗಿತ್ತು. ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬ ಮಹಿಳೆ ಇವರನ್ನು ಒಟ್ಟುಗೂಡಿಸಿ ‘ಪೆಣ್‌ಕೂಟ್ಟ್’ ಎಂಬ ಬಳಗವನ್ನು ಕಟ್ಟಿದರು. ಕೆಲಸ ಮುಗಿಸಿದ ಮಹಿಳೆಯರು ಅಲ್ಲಿ ಸೇರಿ ತಮ್ಮ ತಮ್ಮ ಅಂಗಡಿಯ ಸ್ಥಿತಿಯನ್ನು ಹೇಳಿಕೊಂಡರು. ತನ್ನೊಬ್ಬಳ ಕಾಯಿಲೆಯೆಂದು ಭಾವಿಸಿದ್ದು ಇಡೀ ಬೀದಿಯ ಕಾಯಿಲೆಯೆಂದು ಪ್ರತಿಯೊಬ್ಬಳಿಗೂ ತಿಳಿದದ್ದು ಆ ಮಾತುಕತೆಯಿಂದ. ವರ್ಷಗಳ ಹೋರಾಟದ ಫಲವಾಗಿ 2018ರಲ್ಲಿ ಕೇರಳ ಸರಕಾರವು ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು.

ಒಂದು ಕುರ್ಚಿಯ ಬೆಲೆಯೆಷ್ಟು? ಅಂಗಡಿಯ ಒಂದು ದಿನದ ವಿದ್ಯುತ್ ಖರ್ಚಿಗೂ ಅದು ಸಮವಾಗಲಿಕ್ಕಿಲ್ಲ. ಅಲ್ಲಿ ಹಣದ ಕೊರತೆಯಿರಲಿಲ್ಲ, ನೋಟದ ಕೊರತೆಯಿತ್ತು. ನಿಂತವರ ನೋವು ಕುಳಿತವರಿಗೆ ಕಾಣುವುದಿಲ್ಲ. ಮಾಲಕರು ಮಾತ್ರ ಸೇರಿ ನಿಯಮ ರೂಪಿಸಿದ್ದರೆ ಕುರ್ಚಿಯ ಮಾತು ಅಲ್ಲಿ ಬರುತ್ತಲೇ ಇರಲಿಲ್ಲ. ಆದ್ದರಿಂದ ಕಲಿಕೆಯ ಬಳಗದಲ್ಲಿ ದುಡಿಯುವವರಿಗೆ, ಅದರಲ್ಲೂ ಮಹಿಳೆಯರಿಗೆ, ಸ್ಥಾನವಿರಲೇಬೇಕು. ಅದು ಔದಾರ್ಯವಲ್ಲ, ಕಲಿಕೆಯ ಅಗತ್ಯ.

ಹೊರಗಿನ ಒಬ್ಬ ಸದಸ್ಯ

ಮೂರನೆಯ ಉದಾಹರಣೆ ಕಾನೂನಿನದ್ದು. ರಾಜಸ್ಥಾನದ ಭಂವರಿ ದೇವಿಯವರ ಮೇಲೆ 1992ರಲ್ಲಿ ನಡೆದ ದೌರ್ಜನ್ಯದ ಹಿನ್ನೆಲೆಯಲ್ಲಿ ಸುಪ್ರೀಮ್ ಕೋರ್ಟು 1997ರಲ್ಲಿ ವಿಶಾಖಾ ತೀರ್ಪು ನೀಡಿತು. 2013ರಲ್ಲಿ ಅದು ಕಾಯ್ದೆಯ ರೂಪ ಪಡೆಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಆಂತರಿಕ ಸಮಿತಿ ಇರಬೇಕು. ಅದರ ಮುಖ್ಯಸ್ಥೆ ಮಹಿಳೆಯಾಗಿರಬೇಕು, ಅರ್ಧದಷ್ಟು ಸದಸ್ಯರಾದರೂ ಮಹಿಳೆಯರಿರಬೇಕು. ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಮಂದಿಯಿರುವಲ್ಲಿನ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಈ ಕಾಯ್ದೆಯಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ವಿವೇಕವಿದೆ. ಸಮಿತಿಯ ಒಬ್ಬ ಸದಸ್ಯರು ಸಂಸ್ಥೆಯ ಹೊರಗಿನವರಾಗಿರಬೇಕು. ಯಾಕೆಂದರೆ, ಒಳಗಿನವರಿಗೆ ಮಾಲಕನ ಮುಲಾಜು ಇರುತ್ತದೆ. ಮಾತ್ರವಲ್ಲ, ಹೊರಗಿನವರು ಇತರ ಸಂಸ್ಥೆಗಳ ಅನುಭವವನ್ನೂ ಹೊತ್ತು ತರಬಲ್ಲರು. ಆದರೆ ನಡೆಯುತ್ತಿರುವುದೇನು? ಸಮಿತಿಗಳ ರಚನೆಯಲ್ಲಿ ಗಂಭೀರ ಲೋಪಗಳಿವೆಯೆಂದು ಸುಪ್ರೀಮ್ ಕೋರ್ಟು 2023ರ ಮೇ ತಿಂಗಳಲ್ಲಿ ಕಳವಳ ವ್ಯಕ್ತಪಡಿಸಬೇಕಾಯಿತು. ಕಾನೂನು ಬಂದು ಹತ್ತು ವರ್ಷ ಕಳೆದ ಬಳಿಕದ ಮಾತಿದು. ಹೆಣ್ಣುಮಕ್ಕಳನ್ನು ದುಡಿಯಲು ಕಳುಹಿಸಲು ಹಿಂಜರಿಯುವ ಹೆತ್ತವರನ್ನು ಸಂಕುಚಿತರೆಂದು ಹಳಿಯುವ ಮೊದಲು, ಆಕೆ ದುಡಿಯಬೇಕಾದ ಸ್ಥಳ ಆಕೆಯ ಮಾನಕ್ಕೆ ಯಾವ ಖಾತರಿ ಕೊಡುತ್ತದೆಂದು ಕೇಳಬೇಡವೇ?

ಮೌಲ್ಯ ಯಾರನ್ನು ಬಂಧಿಸಬೇಕು?

ಇನ್ನು ಮೌಲ್ಯಗಳ ವಿಷಯ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಅದು ಗೋಡೆಯ ಮೇಲಿನ ಫಲಕವಾಗಿ ಉಳಿದರೆ ಪ್ರಯೋಜನವೇನು? ಅದನ್ನು ನಿಯಮವಾಗಿ ಪರಿವರ್ತಿಸಿದರೆ ಹೀಗಾಗುತ್ತದೆ: ‘ಪ್ರತಿ ತಿಂಗಳ ಇಂತಹ ತಾರೀಕಿನಂದು ಸಂಬಳ ಕೊಡಲಾಗುವುದು, ತಡವಾದರೆ ಕಾರಣವನ್ನು ಮುಂಚಿತವಾಗಿ ತಿಳಿಸಲಾಗುವುದು.’ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಮಾಸಿಕ ಸಂಬಳವನ್ನು ಮುಂದಿನ ತಿಂಗಳ ಏಳನೇ ದಿನದೊಳಗೆ ಕೊಡಬೇಕು. ಕೆಲಸ ಬಿಟ್ಟವರ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದದಿಂದ ಸಂಬಳದಲ್ಲಿ ವ್ಯತ್ಯಾಸ ಮಾಡುವಂತಿಲ್ಲ. ಹಾಗೆಯೇ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ, ಅಲ್‌ಬಕರಃ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದಾಗಿದೆ. ಸಾಲಕ್ಕೆ ಬರಹ ಬೇಕಾದರೆ ಒಬ್ಬನ ವರ್ಷಗಳ ದುಡಿಮೆಗೆ ಒಂದು ನೇಮಕಾತಿ ಪತ್ರವಾದರೂ ಬೇಡವೇ?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೌಲ್ಯವೆಂಬ ಪದ ಎಷ್ಟೋ ಬಾರಿ ದುರ್ಬಲರ ಮೇಲೆ ಮಾತ್ರ ಹೇರಲ್ಪಡುತ್ತದೆ. ಶಿಕ್ಷಕಿಗೆ ‘ಇದು ಸಮುದಾಯದ ಸೇವೆ, ಸಂಬಳವನ್ನು ನೋಡಬೇಡಿ’ ಎನ್ನಲಾಗುತ್ತದೆ. ಕಟ್ಟಡದ ಗುತ್ತಿಗೆದಾರನಿಗೆ, ಪೀಠೋಪಕರಣದ ವ್ಯಾಪಾರಿಗೆ ಯಾರೂ ಹಾಗೆ ಹೇಳುವುದಿಲ್ಲ. ಅವರ ಬಿಲ್ಲು ಪೂರ್ತಿ ಪಾವತಿಯಾಗುತ್ತದೆ. ಖಾಸಗಿ ಶಾಲೆಗಳಲ್ಲಿ ಶಿಕ್ಷಕಿಯರಿಂದ ಹೆಚ್ಚಿನ ಮೊತ್ತಕ್ಕೆ ಸಹಿ ಪಡೆದು ಕಡಿಮೆ ಮೊತ್ತ ಕೊಡುವ ದೂರು ಹಳೆಯದು. ಇದನ್ನು ಸೇವೆಯೆಂದು ಯಾವ ಬಾಯಿಂದ ಕರೆಯುವುದು? ಮೌಲ್ಯವು ಮೊದಲು ಅಧಿಕಾರವಿರುವವನ ಕೈಯನ್ನು ಕಟ್ಟಬೇಕು. ಆ ಬಳಿಕವೇ ಇತರರಿಂದ ತ್ಯಾಗವನ್ನು ಕೇಳುವ ಅರ್ಹತೆ ಅವನಿಗೆ ಬರುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ. ನಮ್ಮ ಯುವಕರು ಇತರರ ಕಚೇರಿಗಳಲ್ಲಿ ಜುಮಾ ನಮಾಝ್‌ಗೆ ಬಿಡುವು, ಹಬ್ಬಕ್ಕೆ ರಜೆ ಕೇಳುತ್ತಾರೆ. ನಮ್ಮ ಅಂಗಡಿಯಲ್ಲಿ ದುಡಿಯುವ ಹಿಂದೂ, ಕ್ರೈಸ್ತ ಸಹೋದರರಿಗೆ ಅವರ ಹಬ್ಬದ ರಜೆ ಮುಲಾಜಿಲ್ಲದೆ ಸಿಗುತ್ತಿದೆಯೇ? ಅಲ್ಪಸಂಖ್ಯಾತರಾಗಿ ನಾವು ಏನನ್ನು ಕೇಳುತ್ತೇವೆಯೋ ಬಹುಸಂಖ್ಯಾತರಾಗಿರುವ ಕಡೆ ಅದನ್ನು ಕೊಡಬೇಕು. ಈ ಒಂದು ನಿಯಮ ಬರಹದಲ್ಲಿದ್ದರೆ ಸೌಹಾರ್ದದ ಕುರಿತ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಕಲಿಕೆ ಹೇಗೆ ನಡೆಯಬೇಕು?

ಮಾಲಕರು ಒಟ್ಟು ಸೇರಿದರೆ ಕೂಲಿಯನ್ನು ಕೆಳಗಿಳಿಸುವ ಒಳ ಒಪ್ಪಂದವೇ ಆದೀತೆಂಬ ಭಯ ನಿರಾಧಾರವಲ್ಲ. ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ 1776ರಷ್ಟು ಹಿಂದೆಯೇ ಈ ಅಪಾಯವನ್ನು ಗುರುತಿಸಿದ್ದರು. ಆದ್ದರಿಂದ ಬಳಗದಲ್ಲಿ ಅರ್ಧ ಸ್ಥಾನ ದುಡಿಯುವವರಿಗಿರಲಿ, ತೀರ್ಮಾನಗಳು ಬರಹದಲ್ಲಿರಲಿ, ಪ್ರತಿಯೊಂದು ಅಂಗಡಿಯ ಗೋಡೆಯಲ್ಲಿ ಕನ್ನಡದಲ್ಲಿ ತೂಗಲಿ.

ಎರಡನೆಯದಾಗಿ, ಗೆದ್ದ ಕಥೆಗಳನ್ನು ಮಾತ್ರ ಹೇಳಿದರೆ ಅದು ಸನ್ಮಾನ ಸಭೆಯಾದೀತು. ಯಾವ ನಿಯಮ ಮಾಡಿದೆವು, ಅದು ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಎಂದು ಹೇಳಿದಾಗಲೇ ಕೇಳುವವರಿಗೆ ಪಾಠ ಸಿಗುತ್ತದೆ. ಒಂದು ಶಾಲೆ ಹೆರಿಗೆ ರಜೆ ಕೊಟ್ಟು, ಆ ತರಗತಿಗೆ ಬದಲಿ ಶಿಕ್ಷಕಿಯನ್ನು ಹೇಗೆ ಹೊಂದಿಸಿತೆಂಬುದು ಇನ್ನೊಂದು ಶಾಲೆಗೆ ದೊರೆಯಬಹುದಾದ ಅತ್ಯುತ್ತಮ ಸಲಹೆ. 2017ರ ತಿದ್ದುಪಡಿಯ ಬಳಿಕ ಹೆರಿಗೆ ರಜೆ ಮೊದಲೆರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿದೆ. ಖರ್ಚು ಮಾಲಕನ ಮೇಲೆಯೇ ಬೀಳುವುದರಿಂದ ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೇ ತೆಗೆದುಕೊಳ್ಳದಿರುವ ಅಡ್ಡದಾರಿಯೂ ಹುಟ್ಟಿಕೊಂಡಿದೆ. ಇ.ಎಸ್.ಐ. ವ್ಯಾಪ್ತಿಗೆ ಬರುವವರಿಗಾದರೋ ಹೆರಿಗೆಯ ಭತ್ತೆಯನ್ನು ಆ ನಿಗಮವೇ ಕೊಡುತ್ತದೆ. ಇಂತಹ ಮಾಹಿತಿ ಒಬ್ಬ ಲೆಕ್ಕಿಗನ ಬಾಯಿಂದ ಇನ್ನೊಬ್ಬನ ಕಿವಿಗೆ ತಲುಪಿದರೆ ಒಬ್ಬ ತಾಯಿಯ ಉದ್ಯೋಗ ಉಳಿಯುತ್ತದೆ.

ಮೂರನೆಯದಾಗಿ, ಕೇಳಿದ ವಿಚಾರವನ್ನು ತಮ್ಮ ಸ್ಥಿತಿಗೆ ಹೊಂದಿಸಿಕೊಳ್ಳುವ ವಿವೇಕ ಬೇಕು. ಬಿಹಾರ ಸರಕಾರ 1992ರಲ್ಲೇ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನಗಳ ಋತುಚಕ್ರ ರಜೆ ಕೊಟ್ಟಿತ್ತು. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ್ದು ವರ್ಷಕ್ಕೆ 12 ದಿನಗಳ ಸಂಬಳ ಸಹಿತ ರಜೆಯನ್ನು, ಅದೂ ಖಾಸಗಿ ರಂಗವನ್ನೂ ಒಳಗೊಂಡು. ವಿಚಾರ ಒಂದೇ, ರೂಪ ಬೇರೆ. ಇಬ್ಬರೇ ಹುಡುಗಿಯರು ದುಡಿಯುವ ಅಂಗಡಿಯಲ್ಲಿ ಈ ರಜೆಯನ್ನು ಸಂಕೋಚವಿಲ್ಲದೆ ಕೇಳುವುದು ಹೇಗೆ? ಅದಕ್ಕೆ ಉತ್ತರ ಆದೇಶದಲ್ಲಿರುವುದಿಲ್ಲ, ಅಂತಹುದೇ ಅಂಗಡಿಯಲ್ಲಿ ದುಡಿಯುವ ಇನ್ನೊಬ್ಬಾಕೆಯ ಬಳಿಯಿರುತ್ತದೆ.

ಸಹೋದರ ಸಹೋದರಿಯರೇ,

ನಾವು ದೊಡ್ಡ ಸಂಘಟನೆಯನ್ನು ಕಟ್ಟಬೇಕೆಂದು ಹೇಳುತ್ತಿಲ್ಲ. ಒಂದು ಬೀದಿಯ ಐದು ಅಂಗಡಿಗಳು, ಒಂದು ಊರಿನ ಮೂರು ಶಾಲೆಗಳು ಎರಡು ತಿಂಗಳಿಗೊಮ್ಮೆ ಒಟ್ಟು ಕುಳಿತರೆ ಸಾಕು. ಮೊದಲ ಸಭೆಗೆ ಐದೇ ವಿಷಯಗಳಿರಲಿ: ನೇಮಕಾತಿ ಪತ್ರ, ಸಂಬಳದ ತಾರೀಕು, ಕುಳಿತುಕೊಳ್ಳಲು ಆಸನ ಮತ್ತು ಶೌಚಾಲಯ, ರಜೆ, ದೂರು ಹೇಳಿಕೊಳ್ಳುವ ಜಾಗ. ಪ್ರತಿಯೊಂದಕ್ಕೂ ಎರಡು ಸಾಲಿನ ನಿಯಮ ಬರೆಯೋಣ. ಆರು ತಿಂಗಳ ಬಳಿಕ ಅದೇ ಬಳಗದಲ್ಲಿ, ದುಡಿಯುವವರ ಎದುರಲ್ಲೇ, ಯಾವುದು ನಡೆಯಿತು ಯಾವುದು ನಡೆಯಲಿಲ್ಲವೆಂದು ಓದೋಣ. ನ್ಯಾಯ ಎಲ್ಲೋ ದೂರದ ವಿಧಾನಸೌಧದಿಂದ ಬರಲಿ ಎಂದು ಕಾಯುವ ಹಕ್ಕು ನಮಗಿದೆ. ಆದರೆ ನಮ್ಮದೇ ಗಲ್ಲಾಪೆಟ್ಟಿಗೆಯ ಆಚೆಗೆ ನಿಂತಿರುವವರನ್ನು ಕಾಯಿಸುವ ಹಕ್ಕು ನಮಗಿಲ್ಲ.