ಹುಡುಕಿದರೆ ಸಿಗುವಂತೆ



ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಾಲೇಜುಗಳಲ್ಲಿ ವರ್ಷವರ್ಷವೂ ಪ್ರಾಜೆಕ್ಟ್ ವರದಿಗಳು ಸಿದ್ಧವಾಗುತ್ತವೆ. ಮಟ್ಟುವಿನ ಗುಳ್ಳದ ಬೇಸಾಯದ ಬಗ್ಗೆ ಒಬ್ಬಳು ಬರೆಯುತ್ತಾಳೆ, ಕಾರ್ಕಳದ ಬಸದಿಗಳ ಬಗ್ಗೆ ಇನ್ನೊಬ್ಬ, ಮಲ್ಪೆಯ ಬೋಟುಗಳ ಡೀಸೆಲ್ ಖರ್ಚಿನ ಬಗ್ಗೆ ಮತ್ತೊಬ್ಬ. ಅಂಕ ಬಂದ ಮೇಲೆ ಸ್ಪೈರಲ್ ಬೈಂಡಿಂಗಿನ ಆ ಪುಸ್ತಕ ವಿಭಾಗದ ಕಪಾಟಿನ ಮೇಲೇರುತ್ತದೆ. ನಾಲ್ಕಾರು ವರ್ಷ ಕಳೆದು ಅದೇ ಗುಳ್ಳದ ವಿಷಯ ಎತ್ತಿಕೊಂಡ ಹುಡುಗಿಗೆ ಮೊದಲಿನ ಕೆಲಸದ ಸುಳಿವೇ ಇರುವುದಿಲ್ಲ. ಅವಳು ಅದೇ ರೈತರ ಮನೆಗೆ ಹೋಗಿ ಅದೇ ಪ್ರಶ್ನೆಗಳನ್ನು ಕೇಳುತ್ತಾಳೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ಅನಿವಾರ್ಯವಾಗಿತ್ತು. ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುವಾಗಲೂ ಹೀಗೇ ನಡೆಯುತ್ತಿರುವುದು ನನಗೆ ನೋವಿನ ಸಂಗತಿ.

ಹಾಗಾಗಿ ಇವತ್ತು ನಾನು ಹೇಳುವ ಎಲ್ಲ ಸಲಹೆಗಳ ಹಿಂದೆಯೂ ಒಂದೇ ಪ್ರಶ್ನೆ ಇದೆ. ನಾವು ಟೈಪು ಮಾಡಿದ್ದು, ರೆಕಾರ್ಡ್ ಮಾಡಿದ್ದು, ಫೋಟೋ ತೆಗೆದದ್ದು ನಾಳೆ ನಮ್ಮ ಪರಿಚಯವೇ ಇಲ್ಲದ ಒಬ್ಬರು ಹುಡುಕಿದರೆ ಸಿಗುತ್ತದೆಯೇ? ಸಿಗುವುದಾದರೆ ನಾವು ತಂತ್ರಜ್ಞಾನವನ್ನು ಬಳಸಿದ್ದೇವೆ. ಇಲ್ಲವಾದರೆ ಬರಿದೇ ಕೊಂಡಿದ್ದೇವೆ.

ಈ ಪ್ರಶ್ನೆಯನ್ನು ನಮ್ಮ ಊರಿನ ಹಿರಿಯರು ನಮಗಿಂತ ಮೊದಲೇ ಕೇಳಿಕೊಂಡಿದ್ದರು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕೆಲಸ ಶುರುವಾಯಿತು. ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳು ಬಂದವು. ಊರೂರಿನಿಂದ ಬಂದ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಯಾವ ಪದ ಯಾವ ಭಾಗದ್ದು, ಯಾವ ಜನರ ಬಳಕೆಯದು ಎಂದು ಗುರುತು ಹಾಕಿದ ಶಿಸ್ತು ಅದು. ಆ ಗುರುತುಗಳಿಲ್ಲದಿದ್ದರೆ ಆರು ಸಂಪುಟಗಳೂ ಪದಗಳ ರಾಶಿಯಾಗಿಯೇ ಉಳಿಯುತ್ತಿದ್ದವು.

ಇನ್ನೊಬ್ಬರು ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ. ಪಿ. ರಾವ್ ಎನ್ನುವವರು. ಮಣಿಪಾಲದಲ್ಲಿ ಪಾಠ ಹೇಳಿದವರು. ಕನ್ನಡಕ್ಕೆ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ನುಡಿ ತಂತ್ರಾಂಶಕ್ಕೆ ತಳಹದಿಯಾಯಿತು. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. 2013ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಆ ವಿನ್ಯಾಸದ ಚೆಲುವನ್ನು ನೋಡಬೇಕಾದರೆ 'ಉಪ್ಪು' ಎಂದು ಟೈಪು ಮಾಡಿ. ಯು, ಪಿ, ಎಫ್, ಪಿ, ಯು: ಐದೇ ಒತ್ತು. ಎಫ್ ಕೀಲಿ ಒತ್ತಕ್ಷರ ಕೊಡುತ್ತದೆ. ಮೊದಲು ಒತ್ತಿದ ಯು ಕೀಲಿ 'ಉ' ಎಂಬ ಸ್ವರವಾಯಿತು, ಕೊನೆಗೆ ಒತ್ತಿದ ಅದೇ ಕೀಲಿ ಕೊಂಬಾಯಿತು. ಸ್ವರ ಎಲ್ಲಿ ಅಕ್ಷರವಾಗಬೇಕು, ಎಲ್ಲಿ ಗುಣಿತವಾಗಬೇಕು ಎಂಬ ಕನ್ನಡದ ವ್ಯಾಕರಣವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಇಂಗ್ಲಿಷಿನ 26 ಕೀಲಿಗಳು ಇಡೀ ವರ್ಣಮಾಲೆಗೆ ಸಾಲುತ್ತವೆ. ವಿದ್ಯಾರ್ಥಿಗಳೇ, ಒಂದು ವಾರ ದಿನಕ್ಕೆ ಅರ್ಧ ಗಂಟೆ ಕೂತರೆ ಇದು ಕೈಗೆ ಹತ್ತುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಹೊಡೆದು ಆಮೇಲೆ ಡಿಟಿಪಿ ಅಂಗಡಿಗೆ ಒಯ್ಯುವ ಕಷ್ಟ ತಪ್ಪುತ್ತದೆ. ಬೆರಳಿಗೆ ಬೇಸರವಾದರೆ ಗೂಗಲ್ ಡಾಕ್ಸಿನಲ್ಲಿ ಮಾತಾಡಿ ಬರೆಸಬಹುದು. ನಮ್ಮ ಕರಾವಳಿಯ ಕನ್ನಡ ಪುಸ್ತಕದ ಕನ್ನಡಕ್ಕೆ ಹತ್ತಿರ, ಹಾಗಾಗಿ ಯಂತ್ರಕ್ಕೆ ಬೇಗ ಅರ್ಥವಾಗುತ್ತದೆ. ಪೂರ್ಣವಿರಾಮ, ಅಲ್ಪವಿರಾಮ ಆಮೇಲೆ ನಾವೇ ಹಾಕಿಕೊಂಡರಾಯಿತು.

ಈಗ ಒಂದು ಸಣ್ಣ ವಿಷಯವನ್ನು ಹತ್ತಿರದಿಂದ ತೋರಿಸುತ್ತೇನೆ. 'ಸಂಶೋಧನೆ' ಎಂಬಲ್ಲಿ 'ಸ'ದ ಪಕ್ಕ ಒಂದು ಸೊನ್ನೆ ಇದೆ, ಅದು ಅನುಸ್ವಾರ. ಕನ್ನಡ ಅಂಕಿಯ ಸೊನ್ನೆಯೂ ನೋಡಲು ಹಾಗೇ ಇರುತ್ತದೆ. ಗೊತ್ತಿಲ್ಲದೆ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಹೊಡೆಯುವವರು ಬಹಳ ಮಂದಿ. ಅಚ್ಚಾದ ಹಾಳೆಯಲ್ಲಿ 'ಸಂಶೋಧನೆ', 'ಸ೦ಶೋಧನೆ' ಎರಡೂ ಒಂದೇ. ಯಂತ್ರಕ್ಕೆ ಅವು ಬೇರೆಬೇರೆ. ಮೊದಲನೆಯದನ್ನು ಹುಡುಕಿದರೆ ಎರಡನೆಯದು ಸಿಗುವುದೇ ಇಲ್ಲ. ಇಡೀ ಪ್ರಬಂಧದಲ್ಲಿ ಹೀಗಾಗಿದ್ದರೆ ಅದರ ಮುಖ್ಯ ಪದವೇ ಕಣ್ಮರೆಯಾದಂತೆ. ಪರಿಹಾರ ಸುಲಭ. ಬರೆದು ಮುಗಿಸಿದ ಮೇಲೆ ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಹಾಕಿ ಒಂದೊಂದಾಗಿ ನೋಡಿ, ಅಕ್ಷರದ ಪಕ್ಕ ಬಂದಲ್ಲೆಲ್ಲ ತಿದ್ದಿ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ, ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳು ಕೆಡುತ್ತವೆ.

ಇದಕ್ಕಿಂತ ದೊಡ್ಡ ಸಮಸ್ಯೆ ಹಳೆಯ ಆಸ್ಕಿ ಫಾಂಟುಗಳದು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತಿದ್ದವು. ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಅರ್ಥವಿಲ್ಲದ ಗೀಚು. ಯುನಿಕೋಡ್ ಬಂದು ಇಷ್ಟು ವರ್ಷವಾದರೂ ಪುಟವಿನ್ಯಾಸದ ಅನುಕೂಲಕ್ಕೆಂದು ಅನೇಕ ಕಡೆ ಇನ್ನೂ ಅದೇ ನಡೆಯುತ್ತಿದೆ. ಅಧ್ಯಾಪಕ ಮಿತ್ರರೇ, ನಿಮ್ಮ ಹಳೆಯ ನೋಟ್ಸ್, ಲೇಖನಗಳೆಲ್ಲ ಆ ರೂಪದಲ್ಲಿ ಇದ್ದರೆ ಈ ರಜೆಯಲ್ಲಿ ಬದಲಾಯಿಸಿಕೊಳ್ಳಿ. ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಪರಿವರ್ತಕ ಇದೆ. ಬದಲಾದ ಮೇಲೆ ಅರ್ಕಾವೊತ್ತುಗಳನ್ನೂ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕಣ್ಣಿಟ್ಟು ನೋಡಿ, ಕೆಡುವುದು ಹೆಚ್ಚಾಗಿ ಅಲ್ಲಿಯೇ. ಡಿಟಿಪಿಗೆ ಕೊಟ್ಟ ಪ್ರಬಂಧ ವಾಪಸು ಬರುವಾಗ ಬರೀ ಪಿಡಿಎಫ್ ತಕ್ಕೊಂಡು ಬರಬೇಡಿ, ಯುನಿಕೋಡ್ ಪ್ರತಿಯನ್ನೂ ಕೇಳಿ ಪಡೆಯಿರಿ. ಪಿಎಚ್‌ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿದೆ, ಅವು ಶೋಧಗಂಗಾ ಎಂಬ ಜಾಲಭಂಡಾರದಲ್ಲಿ ಸೇರುತ್ತವೆ. ಅಲ್ಲಿರುವ ಎಷ್ಟೋ ಕನ್ನಡ ಪ್ರಬಂಧಗಳು ಪುಟದ ಫೋಟೋಗಳಂತಿವೆ. ಓದಬಹುದು, ಒಳಗಿನ ಪದ ಹುಡುಕಲಾಗದು.

ಹಾಗೆಂದು ಹಳೆಯ ಅಚ್ಚು ಪುಸ್ತಕಗಳ ಬಗ್ಗೆ ನಿರಾಶರಾಗಬೇಕಿಲ್ಲ. ಪುಟವನ್ನು ನೆಟ್ಟಗೆ, ನೆರಳು ಬೀಳದಂತೆ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿ, ಅದನ್ನು ಡಾಕ್ಸಿನಲ್ಲಿ ತೆರೆದರೆ ಕನ್ನಡ ಅಕ್ಷರಗಳು ತಿದ್ದಬಹುದಾದ ಬರಹವಾಗಿ ಬರುತ್ತವೆ. ಒತ್ತಕ್ಷರಗಳಲ್ಲಿ, ಒಂದರಂತೆ ಇನ್ನೊಂದು ಕಾಣುವ 'ಥ' 'ಧ', 'ಪ' 'ಷ'ಗಳಲ್ಲಿ ತಪ್ಪು ಇರುತ್ತದೆ. ಮೂಲ ಪುಟ ಪಕ್ಕದಲ್ಲಿಟ್ಟು ತಿದ್ದದೆ ಉದ್ಧರಿಸಬೇಡಿ.

ತುಳು ಬಗ್ಗೆ ಎರಡು ಮಾತು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ನೇ ಆವೃತ್ತಿಯಲ್ಲಿ ಸೇರಿತು. ಬಹಳ ಕಾಲ ಕಾದಿದ್ದ ಸಂತೋಷ ಅದು. ಎಲ್ಲ ಫೋನುಗಳಲ್ಲಿ ಅಕ್ಷರ ಮೂಡಲು ಇನ್ನೂ ಸಮಯ ಬೇಕು. ಅಷ್ಟರವರೆಗೆ ತುಳುವನ್ನು ಕನ್ನಡ ಲಿಪಿಯಲ್ಲಿ, ಯುನಿಕೋಡಿನಲ್ಲಿ ಬರೆದಿಡಿ. 2016ರಿಂದ ಇರುವ ತುಳು ವಿಕಿಪೀಡಿಯ ಬೆಳೆದದ್ದು ಹಾಗೆಯೇ.

ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ನಮ್ಮ ಡಾ. ಬಿ. ಎ. ವಿವೇಕ ರೈ, ಡಾ. ಚಿನ್ನಪ್ಪ ಗೌಡರು 1990ರಲ್ಲಿ ಮಾಚಾರು ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ದಾಖಲಿಸಿಕೊಂಡರು. 15,683 ಸಾಲುಗಳು. 1998ರಲ್ಲಿ ಅದು ಗ್ರಂಥವಾಗಿ ಬಂತು. ಹಾಡಿದವರು ಯಾರು, ಎಲ್ಲಿ, ಯಾವಾಗ, ಯಾವ ಸಂದರ್ಭ ಎಂಬುದೆಲ್ಲ ಜೊತೆಗೇ ಇದ್ದದ್ದರಿಂದ ಅದು ಜಗತ್ತಿನ ವಿದ್ವಾಂಸರಿಗೆ ಆಕರವಾಯಿತು. ಅವರ ಬಳಿ ಇದ್ದ ಉಪಕರಣಕ್ಕಿಂತ ನಿಮ್ಮ ಜೇಬಿನ ಫೋನು ಎಷ್ಟೋ ಅನುಕೂಲದ್ದು. ಇಲ್ಲದಿರುವುದು ಆ ಜೊತೆಯ ಮಾಹಿತಿ. ರೆಕಾರ್ಡಿಂಗ್ ಗುಂಡಿ ಒತ್ತಿದ ಕೂಡಲೇ ದಿನಾಂಕ, ಊರು, ಹಾಡುವವರ ಹೆಸರು, ನಿಮ್ಮ ಹೆಸರು ಬಾಯಲ್ಲೇ ಹೇಳಿ. ಫೈಲು ಎಲ್ಲಿಗೆ ಹೋದರೂ ಆ ಮಾತು ಅದರೊಳಗೇ ಇರುತ್ತದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ, ಪಾಡ್ದನದ ನಡುವೆ ಕರೆ ಬಂದರೆ ಹಾಡುವ ಅಜ್ಜಿಯ ಲಯ ತಪ್ಪುತ್ತದೆ. ಕೋಲದ ಕಳದಲ್ಲಿ ಫೋನು ಎತ್ತುವ ಮೊದಲು ಗುತ್ತಿನವರನ್ನೂ ಕಟ್ಟುವವರನ್ನೂ ಕೇಳಿ. ಬೇಡ ಎಂದರೆ ಬೇಡ.

ಶಾಸನದ ಫೋಟೋ ತೆಗೆಯುವವರು ನೇರ ಎದುರಿನಿಂದ ಫ್ಲ್ಯಾಶ್ ಹಾಕುತ್ತಾರೆ, ಅಕ್ಷರಗಳೆಲ್ಲ ಸಪಾಟಾಗಿ ಬೀಳುತ್ತವೆ. ಕಾರ್ಕಳದಲ್ಲಿ 1586ರ ಚತುರ್ಮುಖ ಬಸದಿ ಇದೆ, ಇತಿಹಾಸದ ವಿದ್ಯಾರ್ಥಿಗಳು ಹೋಗದ ವರ್ಷವಿಲ್ಲ. ಅಂಥ ಕಡೆ ಒಬ್ಬ ಗೆಳೆಯ ಟಾರ್ಚನ್ನು ಕಲ್ಲಿಗೆ ಸವರಿದಂತೆ ಪಕ್ಕದಿಂದ ಹಿಡಿಯಲಿ, ಇನ್ನೊಬ್ಬ ನೇರ ನಿಂತು ಫೋಟೋ ತೆಗೆಯಲಿ. ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಕೊಟ್ಟು ನಾಲ್ಕು ಚಿತ್ರ ತೆಗೆದರೆ ಒಂದರಲ್ಲಿ ಮುಚ್ಚಿದ ಗೆರೆ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಒಂದು ಚಿತ್ರದಲ್ಲಿ ಅಳತೆಗೆ ಸ್ಕೇಲು ಇರಲಿ. ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಕಲ್ಲಿಗೆ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ರಕ್ಷಿತ ಸ್ಮಾರಕವಾದರೆ ಟ್ರೈಪಾಡ್ ಇಡುವ ಮೊದಲು ಅನುಮತಿ ಕೇಳಿ. ಮತ್ತೆ ಆ ಫೋಟೋಗಳನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳುಹಿಸಿದರೆ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ, ಮೂಲದಂತೆಯೇ ತಲುಪುತ್ತದೆ.

ನಮ್ಮ ಮಳೆಗಾಲ ಗೊತ್ತೇ ಇದೆ. ಜಿಲ್ಲಾಧಿಕಾರಿಗಳ ರಜೆ ಘೋಷಣೆ, ಕರೆಂಟಿಲ್ಲದ ರಾತ್ರಿಗಳು. ಮಾಳ, ಈದು, ನೂರಾಳ್‌ಬೆಟ್ಟು ಕಡೆಯ ಮಕ್ಕಳಿಗೆ ಆ ದಿನಗಳಲ್ಲಿ ವಿಡಿಯೊ ಪಾಠ ತಲುಪುವುದು ಕಷ್ಟ. ಅಧ್ಯಾಪಕರು ಪಾಠವನ್ನು ಧ್ವನಿಯಾಗಿ ಉಳಿಸಿ ಕೊಡಬಹುದು. ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ಒಂದು ಗಂಟೆಯ ಮಾತು ಸುಮಾರು 14 ಎಂಬಿ ಮಾತ್ರ. ಅದರ ಜೊತೆ ಎರಡು ಪುಟದ ಟಿಪ್ಪಣಿ ಕಳುಹಿಸಿದರೆ ಮಗು ಸಿಗ್ನಲ್ ಇರುವ ಗುಡ್ಡೆಗೆ ಒಮ್ಮೆ ಹೋಗಿ ಇಳಿಸಿಕೊಂಡರೆ ಸಾಕು. ಪಾಡ್ದನದ ಮೂಲ ಪ್ರತಿಯನ್ನು ಮಾತ್ರ ಹೀಗೆ ಕುಗ್ಗಿಸಬೇಡಿ, ಕುಗ್ಗಿಸಿದ್ದು ಕೇಳಲಿಕ್ಕೆ, ಮೂಲ ಕಾಪಿಡಲಿಕ್ಕೆ.

ಪ್ರಬಂಧದ ಏಕೈಕ ಪ್ರತಿ ಒಂದು ಪೆನ್‌ಡ್ರೈವಿನಲ್ಲಿ ಇದೆ ಎನ್ನುವವರನ್ನು ಕಂಡರೆ ನನಗೆ ಭಯ. ಉಪ್ಪುಗಾಳಿ, ತೇವ ಎರಡೂ ಇರುವ ಊರು ನಮ್ಮದು. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಮನೆಯಿಂದ ಹೊರಗೆ ಅಥವಾ ಗೂಗಲ್ ಡ್ರೈವಿನಲ್ಲಿ ಇರಲಿ. ಫೈಲಿಗೆ 'ಫೈನಲ್', 'ಹೊಸ ಫೈನಲ್' ಎಂದು ಹೆಸರಿಡುವ ಬದಲು ಇಸವಿ, ತಿಂಗಳು, ದಿನ, ಆಮೇಲೆ ವಿಷಯ ಎಂಬ ಕ್ರಮದಲ್ಲಿ ಇಟ್ಟರೆ ತಾವಾಗಿ ಸಾಲಾಗಿ ನಿಲ್ಲುತ್ತವೆ. ಆಕರಗಳ ಪಟ್ಟಿಗೆ ಝೊಟೆರೊ ಎಂಬ ಉಚಿತ ತಂತ್ರಾಂಶ ಕಲಿಯಿರಿ, ಕನ್ನಡ ಪುಸ್ತಕಗಳನ್ನೂ ಅದರಲ್ಲಿ ಸೇರಿಸಬಹುದು.

ಇನ್ನು ಎಐ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದಾಗಿನಿಂದ ಅಸೈನ್‌ಮೆಂಟಿನ ಅರ್ಥವೇ ಅಲುಗಾಡಿದೆ. ನಿಷೇಧದಿಂದ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಲೇಖನ ಕಷ್ಟವಾದರೆ ಕನ್ನಡದಲ್ಲಿ ವಿವರಿಸು ಎಂದು ಕೇಳಿ, ಪರೀಕ್ಷೆಗೆ ಮೊದಲು ನಿಮ್ಮ ಟಿಪ್ಪಣಿಯ ಮೇಲೆ ಪ್ರಶ್ನೆ ಕೇಳಿಸಿಕೊಳ್ಳಿ. ಹಳ್ಳಿಯಿಂದ ಬಂದು ಮಣಿಪಾಲದ ತರಗತಿಯಲ್ಲಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂರುವ ಮಗುವಿಗೆ ಇದು ನಿಜವಾದ ಉಪಕಾರ. ಆದರೆ ಕನ್ನಡದ ಆಕರ ಕೇಳಿದರೆ ಅದು ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆಯನ್ನೂ ಕೊಡುತ್ತದೆ. ಗ್ರಂಥಾಲಯದಲ್ಲಿ ಕೈಯಿಂದ ಮುಟ್ಟದ ಪುಸ್ತಕವನ್ನು ಆಕರಪಟ್ಟಿಗೆ ಹಾಕಬೇಡಿ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಕ್ರಮ ಶುರುವಾಗುತ್ತದೆ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆದರೂ ಅಧ್ಯಾಪಕರು ಆ ಶೇಕಡಾವಾರನ್ನೇ ನಂಬಿ ಕೂರಬಾರದು. ವಿದ್ಯಾರ್ಥಿಯನ್ನು ಎದುರು ಕೂರಿಸಿ, ಅವನೇ ಬರೆದ ಒಂದು ಪ್ಯಾರಾ ತೋರಿಸಿ, ಇದನ್ನು ನಿನ್ನ ಮಾತಿನಲ್ಲಿ ಹೇಳು ಮಾರಾಯ ಎಂದರೆ ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ.

ಈ ಸಮ್ಮೇಳನದ ಮುಂದೆ ನಾನು ಒಂದು ಠರಾವು ಇಡುತ್ತೇನೆ. ಬರುವ ಶೈಕ್ಷಣಿಕ ವರ್ಷದಿಂದ ನಮ್ಮ ಕಾಲೇಜುಗಳ ಪ್ರತಿ ಪ್ರಾಜೆಕ್ಟ್ ವರದಿಯೂ ಅಚ್ಚಿನ ಪ್ರತಿಯೊಂದಿಗೆ ಯುನಿಕೋಡ್ ಪ್ರತಿಯಾಗಿ ಗ್ರಂಥಾಲಯಕ್ಕೆ ಬರಲಿ. ವಿಷಯ, ಊರು, ವರ್ಷ, ಹತ್ತು ಸಾಲಿನ ಸಾರಾಂಶ ಅದರ ಮೊದಲ ಪುಟದಲ್ಲಿರಲಿ. ಮಾಹಿತಿ ಕೊಟ್ಟವರ ಫೋನ್ ಸಂಖ್ಯೆ, ಮನೆಯ ವಿಳಾಸ ಬೇಡ. ನಾಲ್ಕು ಊರುಗಳ ಗ್ರಂಥಪಾಲಕರು ಸೇರಿ ಒಂದೇ ಪಟ್ಟಿ ಇಟ್ಟುಕೊಳ್ಳಲಿ, ಕಾಪುವಿನ ವಿದ್ಯಾರ್ಥಿ ಕಾರ್ಕಳದ ವರದಿಯನ್ನು ಹೆಸರಿನಿಂದ ಹುಡುಕಿ ತರಿಸಿಕೊಳ್ಳುವಂತಾಗಲಿ. ಇದಕ್ಕೆ ಹೊಸ ತಂತ್ರಾಂಶ ಕೊಳ್ಳುವುದು ಬೇಡ, ಒಂದು ಹಂಚಿಕೊಂಡ ಸ್ಪ್ರೆಡ್‌ಶೀಟ್ ಸಾಕು. ಸಂಜೆಯ ಗೋಷ್ಠಿಗೆ ಮೊದಲು ಪ್ರತಿ ಕಾಲೇಜಿನಿಂದ ಒಬ್ಬ ಅಧ್ಯಾಪಕರು, ಒಬ್ಬ ವಿದ್ಯಾರ್ಥಿ ತಮ್ಮ ಹೆಸರನ್ನು ನೋಂದಣಿ ಮೇಜಿನಲ್ಲಿ ಬರೆಸಬೇಕೆಂದು ವಿನಂತಿಸುತ್ತೇನೆ.