ಲಂಕೇಶರ ಮೂರು ಕಸುಬು: ಕವಿತೆ, ಕಥೆ, ಸಿನಿಮಾ

(ಸಾಹಿತ್ಯಾಸಕ್ತರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಲೇಖಕರು ಎದುರು ಸಿಕ್ಕರೆ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ‘ಈಗ ಏನು ಬರೀತಾ ಇದ್ದೀರಿ?’ ಎಂಬುದು. 1976ರ ಸುಮಾರಿಗೆ ಪಿ. ಲಂಕೇಶರನ್ನು ಯಾರಾದರೂ ಹೀಗೆ ಕೇಳಿದ್ದರೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಅವರಿಗೂ ಕಷ್ಟವಾಗುತ್ತಿತ್ತು. ಅಷ್ಟು ಹೊತ್ತಿಗೆ ಅವರಿಗೆ ನವ್ಯ ಕವಿ ಎಂಬ ಹೆಸರು ಬಂದಿತ್ತು. ಮೂರು ಕಥಾಸಂಕಲನಗಳು ಪ್ರಕಟವಾಗಿದ್ದವು. ‘ಸಂಕ್ರಾಂತಿ’ಯಂಥ ನಾಟಕ ಬರೆದಾಗಿತ್ತು. ಜೀವನಕ್ಕೆ ಇಂಗ್ಲಿಷ್ ಅಧ್ಯಾಪಕ ವೃತ್ತಿ. ಇಷ್ಟರ ಮೇಲೆ ಆ ವರ್ಷ ‘ಪಲ್ಲವಿ’ ಎಂಬ ಚಿತ್ರದ ನಿರ್ದೇಶನ.

ಇಂಥವರ ಬಗ್ಗೆ ಹೇಳಲು ನಮ್ಮ ಸಭೆಗಳಲ್ಲಿ ಒಂದು ಸಿದ್ಧ ಮಾತಿದೆ: ಬಹುಮುಖ ಪ್ರತಿಭೆ. ಶಾಲು ಹೊದಿಸುವಾಗ ಈ ಮಾತು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಕವಿತೆ ಬರೆಯುವವನು ಕಥೆಗೆ ಏಕೆ ಹೋದ, ಕಥೆಯಿಂದ ಕ್ಯಾಮೆರಾದ ಹಿಂದೆ ಏಕೆ ಹೋಗಿ ನಿಂತ, ಹೋದಲ್ಲಿ ಏನು ಸಿಕ್ಕಿತು, ಬಿಟ್ಟು ಬಂದಲ್ಲಿ ಏನು ಕಳೆಯಿತು ಎಂಬ ಲೆಕ್ಕ ಅದರಲ್ಲಿ ಮುಚ್ಚಿಹೋಗುತ್ತದೆ. ಇವತ್ತು ನಾನು ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ. ಪ್ರತಿ ಸಲ ಬದಲಾದದ್ದು ಲಂಕೇಶರ ಪ್ರತಿಭೆಯ ಮುಖವಲ್ಲ, ಅವರ ಎದುರಿಗೆ ಕುಳಿತ ಜನ ಎಂಬುದು ನನ್ನ ಅನಿಸಿಕೆ.

ಮೊದಲು ಕವಿತೆ. ಲಂಕೇಶರು ಹುಟ್ಟಿದ್ದು 1935ರಲ್ಲಿ, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ, ಒಕ್ಕಲು ಮನೆತನದಲ್ಲಿ. ಅವರು ಬರೆಯತೊಡಗಿದಾಗ ಕನ್ನಡದಲ್ಲಿ ಗೋಪಾಲಕೃಷ್ಣ ಅಡಿಗರ ಕಾಲ. ನವ್ಯ ಕಾವ್ಯ ಬಿಗಿಯಾಗಿತ್ತು, ಬುದ್ಧಿಗೆ ಕೆಲಸ ಕೊಡುತ್ತಿತ್ತು. ಆದರೆ ಅದನ್ನು ಓದುತ್ತಿದ್ದವರು ಬಹುಮಟ್ಟಿಗೆ ಕಾಲೇಜು ಮೇಷ್ಟ್ರುಗಳು ಮತ್ತು ಅವರ ಶಿಷ್ಯರು. ಲಂಕೇಶರೂ ಆ ಮನೆಯೊಳಗಿನವರೇ. 1970ರಲ್ಲಿ ಅವರು ಸಂಪಾದಿಸಿದ ‘ಅಕ್ಷರ ಹೊಸ ಕಾವ್ಯ’ ಹೊಸ ಕವಿಗಳನ್ನು ಒಂದೆಡೆ ತಂದಿತು. ಫ್ರೆಂಚ್ ಕವಿ ಬೋದಿಲೇರನನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದರು. ಆದರೂ ಇವತ್ತಿಗೆ ಅವರ ಯಾವ ಕವಿತೆ ಜನರ ನೆನಪಿನಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ‘ಅವ್ವ’. ತಾಯಿಯನ್ನು ಪುರಾಣದ ಸತಿಯರ ಸಾಲಿಗೆ ಸೇರಿಸದೆ, ಹೊಲದಲ್ಲಿ ದುಡಿದು, ಬೈದು, ಗೊಣಗಿ, ಸತ್ತ ಹೆಂಗಸಾಗಿ ತೋರಿಸಿದ ಕವಿತೆ ಅದು. ಅದನ್ನು ಓದಲು ಅಡಿಟಿಪ್ಪಣಿ ಬೇಕಿಲ್ಲ. ಮೇಷ್ಟ್ರುಗಳ ಕೂಟದ ಆಚೆಗೆ ನಿಂತವರಿಗೂ ಕೇಳಿಸುವ ದನಿ ಅದು.

ಕಥೆಗಳಲ್ಲಿ ಈ ದನಿ ಮೊದಲಿನಿಂದ ಇತ್ತೆಂದು ಹೇಳಬಹುದು. ಮೊದಲ ಸಂಕಲನ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಬಂದದ್ದು 1963ರಲ್ಲಿ. ಹೆಸರು ದಾಸರ ಪದದ್ದು. ಒಳಗಿನ ಮನುಷ್ಯರು ಮಾತ್ರ ಊರುಕೇರಿಯವರು. 1970ರಲ್ಲಿ ‘ನಾನಲ್ಲ’, 1973ರಲ್ಲಿ ‘ಉಮಾಪತಿಯ ಸ್ಕಾಲರ್‌ಷಿಪ್ ಯಾತ್ರೆ’. ಪಠ್ಯಪುಸ್ತಕದ ಮೂಲಕ ನಿಮ್ಮಲ್ಲಿ ಅನೇಕರಿಗೆ ‘ಮುಟ್ಟಿಸಿಕೊಂಡವನು’ ಕಥೆ ಗೊತ್ತಿರಬೇಕು. ಬಸಲಿಂಗನೆಂಬ ರೈತನಿಗೆ ಕಣ್ಣುನೋವು. ಚಿಕಿತ್ಸೆ ಮಾಡುವ ಡಾಕ್ಟರು ತಿಮ್ಮಪ್ಪ ಯಾವ ಜಾತಿಯವನೆಂಬುದು ತಿಳಿದ ಮೇಲೆ, ಅವನ ಕೈಯಿಂದ ಮುಟ್ಟಿಸಿಕೊಂಡೆನಲ್ಲ ಎಂಬ ಸಂಕಟ ಕಣ್ಣಿನ ನೋವಿಗಿಂತ ದೊಡ್ಡದಾಗುತ್ತದೆ. ಆ ಸಂಕಟವೇ ಕಣ್ಣಿಗೆ ಮುಳುವಾಗುತ್ತದೆ.

ಇಲ್ಲಿ ಕಥೆ ಎಂಬ ಪ್ರಕಾರ ಮಾಡುವ ಕೆಲಸವನ್ನು ಗಮನಿಸಿ. ಬಸಲಿಂಗ ಕೆಟ್ಟವನಲ್ಲ. ಅವನಿಗೆ ಡಾಕ್ಟರ ಮೇಲೆ ದ್ವೇಷವೂ ಇಲ್ಲ. ಅವನ ತಲೆಯೊಳಗೆ ನಡೆಯುವ ಜಗ್ಗಾಟವನ್ನು ನಾವು ಒಳಗಿನಿಂದಲೇ ನೋಡುತ್ತೇವೆ. ಹಾಗಾಗಿ ಅವನನ್ನು ಬೈದು ಕೈತೊಳೆದುಕೊಳ್ಳಲು ನಮಗೆ ಆಗುವುದಿಲ್ಲ. ನಮ್ಮ ತಲೆಯೊಳಗೂ ಒಮ್ಮೆ ಇಣುಕಬೇಕಾಗುತ್ತದೆ. ಇದೇ ವಿಷಯದ ಮೇಲೆ ಭಾಷಣ ಮಾಡಿದರೆ ಚಪ್ಪಾಳೆ ಬರುತ್ತದೆ, ಕವಿತೆ ಬರೆದರೆ ಸಿಟ್ಟು ಬರುತ್ತದೆ. ಈ ಇರುಸುಮುರುಸನ್ನು ಕಥೆಯೇ ಕೊಡಬೇಕು.

ಹಾಗಾದರೆ ಸಿನಿಮಾ ಏಕೆ? ಲಂಕೇಶರು ಸಿನಿಮಾಕ್ಕೆ ಕಾಲಿಟ್ಟದ್ದು ನಟರಾಗಿ. ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಚಿತ್ರ ಮಾಡಿದಾಗ ನಾರಣಪ್ಪನ ಪಾತ್ರ ಇವರಿಗೆ ಬಂತು. ಕಥೆ ಬಲ್ಲವರಿಗೆ ಗೊತ್ತು, ನಾರಣಪ್ಪ ಬದುಕಿದ್ದಾಗ ಮಾಡಿದ್ದಕ್ಕಿಂತ ಸತ್ತ ಮೇಲೆ ಮಾಡುವ ಗಲಾಟೆ ಹೆಚ್ಚು. ಆ ಚಿತ್ರ ಮೊದಲು ಸೆನ್ಸಾರಿನಲ್ಲಿ ಸಿಕ್ಕಿಬಿತ್ತು, ಆಮೇಲೆ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಒಂದು ಕನ್ನಡ ಕಾದಂಬರಿ ಓದುಗರ ಸಣ್ಣ ಗುಂಪನ್ನು ದಾಟಿ ಊರಿಗೆ ಊರೇ ಜಗಳವಾಡುವ ವಿಷಯವಾದದ್ದನ್ನು ಲಂಕೇಶರು ಹತ್ತಿರದಿಂದ ನೋಡಿದರು. ಮುಂದೆ ‘ವಂಶವೃಕ್ಷ’, ‘ಚೋಮನ ದುಡಿ’ ಬಂದವು. ಸಾಹಿತ್ಯ ಕೃತಿಗಳು ಚಿತ್ರಗಳಾಗಿ ದೇಶದ ಗಮನ ಸೆಳೆಯುತ್ತಿದ್ದ ವರ್ಷಗಳವು. ಆದರೆ ಅವುಗಳಲ್ಲಿ ಬರೆದವರೊಬ್ಬರು, ನಿರ್ದೇಶಿಸಿದವರು ಇನ್ನೊಬ್ಬರು. ಲಂಕೇಶರು ಆ ಎರಡು ಕೆಲಸವನ್ನೂ ತಾವೇ ಹೊತ್ತುಕೊಂಡರು.

‘ಪಲ್ಲವಿ’ಗೆ ಆಧಾರ ಅವರದೇ ಕಾದಂಬರಿ ‘ಬಿರುಕು’. ಓದುವ ದಿನಗಳಲ್ಲಿ ಹತ್ತಿರವಾದ ಹುಡುಗ ಹುಡುಗಿ ಕೆಲಸದ ಪ್ರಶ್ನೆ ಎದುರಾದಾಗ ದೂರವಾಗುವ ಕಥೆ. ಅದನ್ನು ಅವರು ಹುಡುಗಿಯ ಕಡೆಯಿಂದ ಹೇಳಿದರು. ಕಾದಂಬರಿಕಾರ ಒಬ್ಬನ ಮನಸ್ಸಿನಲ್ಲಿ ಆದದ್ದನ್ನು ‘ಅವನಿಗೆ ಅನ್ನಿಸಿತು’ ಎಂದು ಬರೆದುಬಿಡಬಹುದು. ಕ್ಯಾಮೆರಾಗೆ ಆ ಅನುಕೂಲ ಇಲ್ಲ. ಅನ್ನಿಸಿದ್ದು ಮುಖದ ಮೇಲೆ ಬರಬೇಕು, ಇಲ್ಲವೇ ಕೋಣೆಯ ಬೆಳಕಿನಲ್ಲಿ, ಇಬ್ಬರ ನಡುವೆ ಬಿಟ್ಟ ಜಾಗದಲ್ಲಿ ಬರಬೇಕು. ಪದಗಳನ್ನೇ ನಂಬಿ ಬದುಕಿದ ಮನುಷ್ಯ ಪದಗಳನ್ನು ಕಡಿಮೆ ಮಾಡಲು ಕಲಿತದ್ದು ಅಲ್ಲಿ. ಆ ಚಿತ್ರಕ್ಕೆ 1976ರ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು. ಅದು ಅವರ ಮೊದಲ ಚಿತ್ರ ಎಂಬುದು ನೆನಪಿರಲಿ.

ಅನಂತರ 1977ರಲ್ಲಿ ‘ಅನುರೂಪ’, 1979ರಲ್ಲಿ ‘ಖಂಡವಿದೆಕೊ ಮಾಂಸವಿದೆಕೊ’, 1980ರಲ್ಲಿ ‘ಎಲ್ಲಿಂದಲೋ ಬಂದವರು’. ಐದು ವರ್ಷದಲ್ಲಿ ನಾಲ್ಕು ಚಿತ್ರ. ನನ್ನ ಮಟ್ಟಿಗೆ ‘ಪಲ್ಲವಿ’ಯ ಬಿಗಿ ಉಳಿದವುಗಳಲ್ಲಿ ಇಲ್ಲ. ಆದರೆ ಕೊನೆಯ ಚಿತ್ರದಲ್ಲಿ ಒಂದು ವಿಶೇಷ ನಡೆಯಿತು. ಅದಕ್ಕೆ ಲಂಕೇಶರು ಜನಪದದ ಧಾಟಿಯಲ್ಲಿ ಹಾಡು ಬರೆದರು. ಚಿತ್ರ ನೋಡದವರಿಗೂ ಆ ಹಾಡುಗಳು ಗೊತ್ತು. ಇವತ್ತಿಗೂ ಸುಗಮ ಸಂಗೀತದ ವೇದಿಕೆಗಳಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಎಷ್ಟೋ ಮಂದಿಗೆ ಬರೆದವರು ಯಾರೆಂದು ತಿಳಿದಿರಲಿಕ್ಕಿಲ್ಲ. ಕವಿಗೆ ಇದಕ್ಕಿಂತ ದೊಡ್ಡ ಪ್ರಸಾರ ಇನ್ನೆಲ್ಲಿ ಸಿಗಬೇಕು? ನವ್ಯ ಕಾವ್ಯ ಮುಟ್ಟಲಾಗದ ಕಿವಿಯನ್ನು ಅದೇ ಕವಿ ಸಿನಿಮಾದ ಹಿತ್ತಿಲ ಬಾಗಿಲಿನಿಂದ ಮುಟ್ಟಿದ.

ಅಲ್ಲಿಗೆ ಸಿನಿಮಾ ನಿಂತಿತು. ಕವಿತೆಗೆ ಒಂದು ಹಾಳೆ ಸಾಕು, ಕಥೆಗೆ ಹತ್ತು. ಸಿನಿಮಾಕ್ಕೆ ಹಣ ಹಾಕುವವರು, ಹಂಚುವವರು, ಸೆನ್ಸಾರಿನವರು, ಥಿಯೇಟರಿನವರು ಎಲ್ಲರೂ ಬೇಕು. ಇವರಲ್ಲಿ ಒಬ್ಬರು ಕೈಕೊಟ್ಟರೂ ಡಬ್ಬಿ ಡಬ್ಬಿಯಾಗಿಯೇ ಉಳಿಯುತ್ತದೆ. ಇನ್ನೊಂದು ಲೆಕ್ಕವೂ ಇದೆ, ಅದನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಅವರ ಮೂರನೆಯ ಕಥಾಸಂಕಲನ ಬಂದದ್ದು 1973ರಲ್ಲಿ ಎಂದೆನಲ್ಲ, ಮುಂದಿನ ಮುಖ್ಯ ಸಂಕಲನ ‘ಕಲ್ಲು ಕರಗುವ ಸಮಯ’ ಬಂದದ್ದು 1990ರಲ್ಲಿ. ನಡುವೆ ಹದಿನೇಳು ವರ್ಷ. ಕನ್ನಡದ ಉತ್ತಮ ಕಥೆಗಾರರಲ್ಲಿ ಒಬ್ಬರಾದವರ ಮೂವತ್ತೆಂಟರಿಂದ ಐವತ್ತೈದರವರೆಗಿನ ವಯಸ್ಸು ಅದು. ಬಹುಮುಖ ಪ್ರತಿಭೆ ಎಂದು ನಾವು ಹೊಗಳುವುದಕ್ಕೆ ತೆತ್ತ ಬೆಲೆ ಇಲ್ಲಿದೆ. ಒಂದು ಕೈ ಇನ್ನೊಂದರ ಹೊತ್ತನ್ನು ತಿನ್ನುತ್ತದೆ.

ಆ ಹೊತ್ತನ್ನು ತಿಂದದ್ದರಲ್ಲಿ ಸಿನಿಮಾಕ್ಕಿಂತ ದೊಡ್ಡ ಪಾಲು ಪತ್ರಿಕೆಯದು. 1980ರಲ್ಲಿ ಅಧ್ಯಾಪಕ ವೃತ್ತಿಯನ್ನು ಹಿಂದೆ ಬಿಟ್ಟು ‘ಲಂಕೇಶ್ ಪತ್ರಿಕೆ’ ಎಂಬ ವಾರಪತ್ರಿಕೆ ಆರಂಭಿಸಿದರು. ಜಾಹೀರಾತು ತೆಗೆದುಕೊಳ್ಳದೆ, ಓದುಗರು ಕೊಡುವ ಕಾಸಿನಿಂದಲೇ ನಡೆಸಿದ ಪತ್ರಿಕೆ. ಅದರ ರಾಜಕೀಯ ವರದಿಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ, ನಾನು ಅಲ್ಲಿಗೆ ಹೋಗುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಬೇರೆ: ಅದರಲ್ಲಿ ಮಂತ್ರಿಗಳ ಹಗರಣ ಓದಲು ಬಂದವನ ಕಣ್ಣಿಗೆ ಒಂದು ಮೂಲೆಯಲ್ಲಿ ‘ನೀಲು’ ಎಂಬ ಹೆಸರಿನ ಪುಟ್ಟ ಕವಿತೆ ಬೀಳುತ್ತಿತ್ತು. ಕೆಲವೇ ಸಾಲು. ಹೆಣ್ಣಿನ ದನಿ, ತುಂಟತನ, ಆಸೆ, ಬೇಸರ. ಬರೆಯುತ್ತಿದ್ದವರು ಲಂಕೇಶರೇ. ಕಾವ್ಯ ಎಂದು ಅಟ್ಟದ ಮೇಲೆ ಇಟ್ಟಿದ್ದರೆ ಅದರ ತಂಟೆಗೆ ಹೋಗದ ಬಸ್ ಸ್ಟ್ಯಾಂಡಿನ ಓದುಗ, ಕಿರಾಣಿ ಅಂಗಡಿಯ ಗಲ್ಲದ ಮೇಲಿನ ಓದುಗ ಅದನ್ನು ಓದಿದ. ‘ಅವ್ವ’ದಲ್ಲಿ ಹುಡುಕಿದ್ದು, ಚಿತ್ರಗೀತೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು ಇಲ್ಲಿ ವಾರವಾರ ಸಿಗತೊಡಗಿತು.

ಕಥೆಗೂ ಇದರಿಂದ ಲಾಭವಾಯಿತೆಂದೇ ನಾನು ಭಾವಿಸುತ್ತೇನೆ. ‘ಕಲ್ಲು ಕರಗುವ ಸಮಯ’ದ ಗದ್ಯವನ್ನು 1963ರ ಗದ್ಯದ ಪಕ್ಕ ಇಟ್ಟು ನೋಡಿ. ವಾಕ್ಯ ಮೊಟಕಾಗಿದೆ. ಲೇಖಕ ನಡುವೆ ಬಂದು ವಿವರಿಸುವುದು ಕಡಿಮೆಯಾಗಿದೆ. ಸಿನಿಮಾದವನ ಕಣ್ಣು, ವಾರದ ಗಡುವಿಗೆ ಬರೆದ ಕೈ ಎರಡೂ ಅದರಲ್ಲಿ ಕಾಣುತ್ತವೆ. 1993ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಸಂಕಲನಕ್ಕೆ. ಹದಿನೇಳು ವರ್ಷ ವ್ಯರ್ಥವಾಯಿತೆಂದು ಹೇಳುವವರು ಈ ಕಥೆಗಳನ್ನು ಓದಿ ಆಮೇಲೆ ಹೇಳಲಿ. ಹಾಗೆಂದು ನಷ್ಟವೇ ಆಗಲಿಲ್ಲ ಎನ್ನುವಷ್ಟು ಉದಾರಿ ನಾನಲ್ಲ. ಬರೆಯದೆ ಉಳಿದ ಕಥೆಗಳನ್ನು ಯಾವ ಅಕಾಡೆಮಿಯೂ ಎಣಿಸಲಾರದು.

ಪತ್ರಿಕೆಯ ಕಾರಣದಿಂದ ಬೇರೆಯವರು ಬರೆದದ್ದೂ ಈ ಲೆಕ್ಕಕ್ಕೆ ಸೇರಬೇಕು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ಅಲ್ಲಿ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿ ಕೆಲಸ ಮಾಡಿದರು. ಅನಂತರ ವಕೀಲರಾದರು, ಕಥೆ ಬರೆದರು, ಕವಿತೆ ಬರೆದರು. ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ ಎಂಬ ಚಿತ್ರ ಮಾಡಿದರು. ಅದರ ಅಭಿನಯಕ್ಕೆ ತಾರಾ ಅವರಿಗೆ 2004ರ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಬಾನು ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ಅನುವಾದಿಸಿದರು. 2025ರ ಮೇ ತಿಂಗಳಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿ ಒಂದು ಕಥಾಸಂಕಲನಕ್ಕೆ ಹೋದದ್ದು ಅದೇ ಮೊದಲು. ಇಲ್ಲೂ ಅದೇ ಕವಿತೆ, ಕಥೆ, ಸಿನಿಮಾ. ವ್ಯತ್ಯಾಸವೆಂದರೆ ಬಾನು ಕ್ಯಾಮೆರಾವನ್ನು ಬೇರೆಯವರ ಕೈಗೆ ಬಿಟ್ಟರು, ಕಥೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ‘ಹಾರ್ಟ್ ಲ್ಯಾಂಪ್’ನ ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು.

ಲಂಕೇಶರು ತೀರಿಕೊಂಡದ್ದು 2000ದ ಜನವರಿ 25ರಂದು. ಅದಕ್ಕೆ ಮೂರು ವರ್ಷ ಹಿಂದೆ ಆತ್ಮಕಥೆ ‘ಹುಳಿಮಾವಿನ ಮರ’ ಬಂದಿತ್ತು. ಸಭೆ ಮುಗಿದ ಮೇಲೆ ಗ್ರಂಥಾಲಯಕ್ಕೆ ಹೋಗುವವರು ಅದಕ್ಕಿಂತ ಮೊದಲು ಅವರ ಯಾವುದಾದರೂ ಎರಡು ಕಥೆ ಓದಿ, ಒಂದು 1973ಕ್ಕೆ ಹಿಂದಿನದು, ಒಂದು 1990ರ ಸಂಕಲನದ್ದು. ‘ಪಲ್ಲವಿ’ ಎಲ್ಲಾದರೂ ಪ್ರದರ್ಶನವಿದ್ದರೆ ನನಗೂ ಒಂದು ಮಾತು ತಿಳಿಸಿ.