ಮನಸ್ಸಿನ ಚಿಕಿತ್ಸೆ: ಪರದೆಯ ಹಿಂದೆ ಮನುಷ್ಯನಿರಲಿ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯನ್ನು ಯಾರೂ ಬಚ್ಚಿಡುವುದಿಲ್ಲ. ಮದುವೆ ಮನೆಯಲ್ಲಿ ಸಿಹಿ ಬಡಿಸಲು ಬಂದವರಿಗೆ 'ನನಗೆ ಶುಗರ್ ಇದೆ' ಎಂದು ನಿಸ್ಸಂಕೋಚವಾಗಿ ಹೇಳುತ್ತೇವೆ. ಆದರೆ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಅಡುಗೆಯಲ್ಲೂ ಮಕ್ಕಳಲ್ಲೂ ಆಸಕ್ತಿ ಕಳೆದುಕೊಂಡು ಮೂಲೆ ಸೇರಿರುವ ಸೊಸೆಯ ವಿಷಯ ಮಾತ್ರ ನೆರೆಮನೆಗೂ ತಿಳಿಯಬಾರದು. ತಿಳಿದರೆ ನಾದಿನಿಗೆ ಬಂದ ಮದುವೆ ಸಂಬಂಧ ಮುರಿದುಬೀಳಬಹುದೆಂಬ ಭೀತಿ. ಒಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ, ಇನ್ನೊಬ್ಬರು ಈಮಾನ್ ದುರ್ಬಲವಾಗಿದೆ ಎನ್ನುತ್ತಾರೆ. ವೈದ್ಯರ ನೆನಪು ಎಲ್ಲರಿಗೂ ಕೊನೆಗೆ ಬರುತ್ತದೆ.

ಇದು ನಮ್ಮ ಸಮುದಾಯವೊಂದರ ದುರವಸ್ಥೆಯಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10ಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ರೋಗಕ್ಕನುಗುಣವಾಗಿ ಅವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬರಂತೆಯೂ ಮನೋವೈದ್ಯರಿಲ್ಲ ಎಂದ ಮೇಲೆ ಇದರಲ್ಲಿ ಅಚ್ಚರಿಯೇನಿದೆ? ಈ ಕೊರತೆಗೆ ಪರಿಹಾರವಾಗಿ ಇಂದು ಅಂತರ್ಜಾಲದ ಮೂಲಕ ನೀಡುವ ಮನೋಚಿಕಿತ್ಸೆಯನ್ನು ಮುಂದಿಡಲಾಗುತ್ತಿದೆ. ಅದು ಎಷ್ಟರಮಟ್ಟಿಗೆ ಪರಿಹಾರ, ಎಲ್ಲಿ ಎಡವುತ್ತದೆ ಎಂಬುದನ್ನು ನಾವು ಅರಿತಿರಬೇಕು.

ಮೊದಲು ಚಿಕಿತ್ಸೆಯ ಬಗ್ಗೆ. ವೈದ್ಯರು ಇದನ್ನು ಸಂಕ್ಷೇಪವಾಗಿ ಸಿಬಿಟಿ ಎನ್ನುತ್ತಾರೆ. ಅಂದರೆ ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮೂಲಕ ಮನಸ್ಸನ್ನು ಗುಣಪಡಿಸುವ ವಿಧಾನ. ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತುಗಳನ್ನು ಆಲಿಸುತ್ತಾ ಒಂದು ಅಂಶವನ್ನು ಗುರುತಿಸಿದರು. ಘಟನೆಗಳಿಗೆ ರೋಗಿಯ ಮನಸ್ಸು ಥಟ್ಟನೆ ಕೊಟ್ಟುಕೊಳ್ಳುವ ಅರ್ಥವೇ ಆತನನ್ನು ಹೆಚ್ಚು ಕುಗ್ಗಿಸುತ್ತದೆ. ಉದಾಹರಣೆಗೆ, ರಸ್ತೆಯಲ್ಲಿ ಗೆಳತಿಗೆ ಸಲಾಮ್ ಹೇಳಿದಿರಿ, ಆಕೆ ಉತ್ತರಿಸದೆ ಹೋದಳು. ಆರೋಗ್ಯವಂತ ಮನಸ್ಸು 'ಏನೋ ಅವಸರವಿರಬೇಕು' ಎಂದುಕೊಳ್ಳುತ್ತದೆ. ಖಿನ್ನ ಮನಸ್ಸು 'ನಾನು ಯಾರಿಗೂ ಬೇಡವಾದವಳು' ಎಂದು ತೀರ್ಪು ಕೊಡುತ್ತದೆ. ಮರುದಿನದಿಂದ ಆಕೆ ಹೊರಗೆ ಹೋಗುವುದನ್ನೇ ನಿಲ್ಲಿಸುತ್ತಾಳೆ. ಹೊರಗೆ ಹೋಗದ ಕಾರಣ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಆ ತೀರ್ಪಿಗೆ ಸಾಕ್ಷ್ಯವೇನು ಎಂದು ಕೇಳಿಕೊಳ್ಳಲು ಮತ್ತು ಬಿಟ್ಟುಬಿಟ್ಟ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಆರಂಭಿಸಲು ಸಿಬಿಟಿ ಕಲಿಸುತ್ತದೆ.

ಇದು ಪಾಶ್ಚಾತ್ಯರ ವಿದ್ಯೆ, ನಮಗೇಕೆ ಎಂದು ಕೇಳುವವರಿದ್ದಾರೆ. ಅವರು ಅಬೂ ಝೈದ್ ಅಲ್ ಬಲ್ಖಿಯವರನ್ನು ನೆನಪಿಸಿಕೊಳ್ಳಲಿ. ಸುಮಾರು 11 ಶತಮಾನಗಳ ಹಿಂದೆ ಇಂದಿನ ಅಫ್ಘಾನಿಸ್ತಾನಕ್ಕೆ ಸೇರಿದ ಬಲ್ಖ್ ಪ್ರದೇಶದ ಈ ವಿದ್ವಾಂಸರು 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಎಂಬ ಗ್ರಂಥದಲ್ಲಿ ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಚರ್ಚಿಸಿದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವಿಲ್ಲದೆ ಕವಿಯುವ ದುಃಖ ಬೇರೆ ಎಂದು ವಿಂಗಡಿಸಿದರು. ಆಪತ್ಕಾಲಕ್ಕೆಂದು ಔಷಧಿ ಕೂಡಿಡುವಂತೆ ಒಳ್ಳೆಯ ಆಲೋಚನೆಗಳನ್ನೂ ಕೂಡಿಟ್ಟುಕೊಳ್ಳಬೇಕೆಂಬ ಆಶಯ ಅವರದಾಗಿತ್ತು. ಮನಸ್ಸಿನ ಕಾಯಿಲೆಯನ್ನು ಈಮಾನಿನ ಕೊರತೆಯೆಂದು ಹೀಯಾಳಿಸುವುದು ನಮ್ಮ ಪರಂಪರೆಯಂತೂ ಅಲ್ಲ.

ಈಗ ಅಂತರ್ಜಾಲದ ವಿಷಯಕ್ಕೆ ಬರೋಣ. ಸಿಬಿಟಿಯನ್ನು ವಾರವಾರದ ಪಾಠಗಳನ್ನಾಗಿ ಹಂಚಬಹುದು. ಓದುವುದು, ಅಭ್ಯಾಸ ಮಾಡುವುದು, ಬರೆದು ಕಳುಹಿಸುವುದು. ಆದ್ದರಿಂದಲೇ ಅದು ಕಂಪ್ಯೂಟರಿಗೆ ಸುಲಭವಾಗಿ ಒಗ್ಗಿತು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 2007ರಿಂದ ಇದು ಸರಕಾರಿ ಮನೋವೈದ್ಯ ಸೇವೆಯ ನಿತ್ಯದ ಭಾಗವಾಯಿತು. ಅಲ್ಲಿ ರೋಗಿಯನ್ನು ಮೊದಲು ವೈದ್ಯರು ಪರೀಕ್ಷಿಸುತ್ತಾರೆ. ನಂತರ ರೋಗಿಯು ಮನೆಯಲ್ಲಿಯೇ ಪಾಠಗಳನ್ನು ಅಭ್ಯಸಿಸುತ್ತಾನೆ. ಆತನ ಬರಹಗಳನ್ನು ಚಿಕಿತ್ಸಕರು ಓದಿ ಉತ್ತರಿಸುತ್ತಾರೆ. ಒಬ್ಬ ರೋಗಿಗೆ ವಾರಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಎದುರು ಕೂರಿಸಿಕೊಂಡು ಮಾಡುವ ಚಿಕಿತ್ಸೆಗೆ ಮುಕ್ಕಾಲು ಗಂಟೆಯಾದರೂ ಬೇಕು. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯವು ಸರಕಾರದ ಅನುದಾನದಿಂದ ಆರಂಭಿಸಿದ 'ಮೈಂಡ್‌ಸ್ಪಾಟ್' ಎಂಬ ಉಚಿತ ಚಿಕಿತ್ಸಾಲಯಕ್ಕೆ ಮೊದಲ ಏಳು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ತಪಾಸಣೆಗೆ ಬಂದರು. ಅದೇ ವಿಶ್ವವಿದ್ಯಾಲಯದ ಸಂಶೋಧಕರು ಅರಬ್ ಮೂಲದ ನಾಗರಿಕರಿಗಾಗಿ ಅವರ ಬದುಕಿಗೆ ಹೊಂದುವ ಪಾಠಗಳನ್ನು ರೂಪಿಸಿ ಪರೀಕ್ಷಿಸಿದ್ದಾರೆ.

ಆದರೆ ಇಂಗ್ಲೆಂಡಿನ ಅನುಭವ ನಮ್ಮನ್ನು ಎಚ್ಚರಿಸುತ್ತದೆ. 2006ರಲ್ಲಿ ಅಲ್ಲಿನ ಸರಕಾರಿ ಆರೋಗ್ಯ ಸೇವೆಗೆ ಮಾರ್ಗದರ್ಶನ ನೀಡುವ 'ನೈಸ್' ಸಂಸ್ಥೆಯು ಖಿನ್ನತೆಗೆ 'ಬೀಟಿಂಗ್ ದ ಬ್ಲೂಸ್' ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಶಿಫಾರಸು ಮಾಡಿತು. ಅದೂ 'ಮೂಡ್‌ಜಿಮ್' ಎಂಬ ಇನ್ನೊಂದು ಕಾರ್ಯಕ್ರಮವೂ ಸಾಮಾನ್ಯ ವೈದ್ಯರ ಕ್ಲಿನಿಕ್ಕುಗಳಲ್ಲಿ ಹೇಗೆ ಫಲ ನೀಡುತ್ತವೆ ಎಂದು 691 ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2015ರಲ್ಲಿ ಫಲಿತಾಂಶ ಪ್ರಕಟವಾದಾಗ ಎಲ್ಲರೂ ಯೋಚಿಸುವಂತಾಯಿತು. ವೈದ್ಯರ ಎಂದಿನ ಆರೈಕೆಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಪಾಠಗಳನ್ನು ಪೂರ್ತಿ ಮುಗಿಸಿದವರು ಐವರಲ್ಲಿ ಒಬ್ಬರೂ ಇರಲಿಲ್ಲ. ಅವರಿಗೆ ಫೋನ್ ಕರೆಗಳು ಬರುತ್ತಿದ್ದವು ನಿಜ, ಆದರೆ ಅವು ಮುಖ್ಯವಾಗಿ ತಾಂತ್ರಿಕ ನೆರವಿಗೆ ಸೀಮಿತವಾಗಿದ್ದವು. ಆ ಬಳಿಕ ತರಬೇತಿ ಪಡೆದವರು ಕ್ರಮಬದ್ಧವಾಗಿ ಫೋನ್ ಮಾಡಿ ಪಾಠಗಳಲ್ಲಿ ಕೈಹಿಡಿದು ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ನಾಲ್ಕು ತಿಂಗಳ ಹೊತ್ತಿಗೆ ಖಿನ್ನತೆ ಹೆಚ್ಚು ತಗ್ಗಿದ್ದುದು ಕಂಡುಬಂತು.

ಬಂಧುಗಳೇ, ಇದರಿಂದ ನಾವು ಕಲಿಯಬೇಕಾದುದೇನು? ಖಿನ್ನತೆಯ ಮೊದಲ ಲಕ್ಷಣವೇ ಉತ್ಸಾಹ ಬತ್ತಿಹೋಗುವುದು. ಹಾಸಿಗೆಯಿಂದ ಏಳಲೂ ಮನಸ್ಸಿಲ್ಲದವರ ಕೈಗೆ ಮೊಬೈಲ್ ಕೊಟ್ಟು 'ಪಾಠ ಓದಿ ಗುಣವಾಗು' ಎಂದರೆ ಅವರು ಓದುವುದಾದರೂ ಹೇಗೆ? ಈ ವಾರ ಏನಾಯಿತು ಎಂದು ಕೇಳುವ ಒಬ್ಬ ಮನುಷ್ಯ ಬೇಕು. ಅಂತರ್ಜಾಲವು ಚಿಕಿತ್ಸಕನ ಸಮಯವನ್ನು ಉಳಿಸಬಲ್ಲದು, ಚಿಕಿತ್ಸಕನನ್ನೇ ಕೈಬಿಡಲಾರದು. ಮೊಬೈಲಿನಲ್ಲಿ ಸಿಗುವ ಆ್ಯಪ್‌ಗಳಲ್ಲಿ ಎಲ್ಲವೂ ಪರೀಕ್ಷೆಗೊಳಗಾದವುಗಳಲ್ಲ ಎಂಬುದೂ ನೆನಪಿರಲಿ.

ಆ ಮನುಷ್ಯ ದೊಡ್ಡ ಪದವೀಧರನೇ ಆಗಿರಬೇಕೆಂದಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಕೆಲವೇ ಭೇಟಿಗಳಲ್ಲಿ ತೀವ್ರ ಖಿನ್ನತೆಯನ್ನೂ ತಗ್ಗಿಸಬಲ್ಲರೆಂದು ತೋರಿಸಿದೆ. ನಮ್ಮ ಬಳ್ಳಾರಿಯಲ್ಲಿಯೇ 1980ರ ದಶಕದಲ್ಲಿ ನಿಮ್ಹಾನ್ಸ್, ಊರಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಕೊಂಡೊಯ್ದಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಂತರ್ಜಾಲದ ಪಾಠಗಳು ನಮ್ಮಲ್ಲಿ ಬರುವುದಾದರೆ ಈ ವ್ಯವಸ್ಥೆಯ ಹೆಗಲ ಮೇಲೆಯೇ ಬರಬೇಕು. ಸರಕಾರವನ್ನು ನಾವು ಒತ್ತಾಯಿಸಬೇಕಾದುದೂ ಇದನ್ನೇ: ಕನ್ನಡದಲ್ಲಿ, ಉರ್ದುವಿನಲ್ಲಿ ಪಾಠಗಳಿರಲಿ, ತಾಲೂಕು ಆಸ್ಪತ್ರೆಯಲ್ಲಿ ಅವುಗಳ ಹೊಣೆ ಹೊತ್ತ ಒಬ್ಬ ವ್ಯಕ್ತಿಯಿರಲಿ.

ಮನೆಯೊಳಗಿನ ಕೆಲವು ಪ್ರಶ್ನೆಗಳನ್ನು ನಾವೇ ಇತ್ಯರ್ಥಗೊಳಿಸಬೇಕು. ಮನೆಗೊಂದೇ ಮೊಬೈಲ್, ಅದೂ ಗಂಡನ ಅಥವಾ ಮಗನ ಕೈಯಲ್ಲಿ ಎಂಬ ಸ್ಥಿತಿಯಲ್ಲಿ ಸೊಸೆ ತನ್ನ ನೋವನ್ನು ಯಾರಿಗೆ ಬರೆಯಬೇಕು? 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿಕೊಂಡಿದೆ. ಆ ಹಕ್ಕನ್ನು ಅತ್ತೆ ಮಾವಂದಿರೂ ಗೌರವಿಸಬೇಕಾಗುತ್ತದೆ. ಸಾಯುವ ಮಾತಾಡುವವರನ್ನು, ಇಲ್ಲದ ದನಿಗಳು ಕೇಳಿಸುತ್ತಿವೆ ಎನ್ನುವವರನ್ನು ಮೊಬೈಲಿನ ಪಾಠಕ್ಕೆ ಒಪ್ಪಿಸಿ ಕೂರಬಾರದು. ಅವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ 'ಟೆಲಿ ಮಾನಸ್' ಸೇವೆಯ ಸಂಖ್ಯೆ 14416. ಹಗಲಿರುಳು ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಇದು ಸಿಬಿಟಿ ಪಾಠವಲ್ಲ. ಆದರೆ ಆಚೆ ಬದಿಯಲ್ಲಿ ಕೇಳುವ ಒಬ್ಬ ಮನುಷ್ಯನಿದ್ದಾನೆ, ಅಗತ್ಯಬಿದ್ದರೆ ಮುಂದಿನ ಚಿಕಿತ್ಸೆಗೆ ದಾರಿ ತೋರಿಸುವ ವ್ಯವಸ್ಥೆಯಿದೆ.

ಜಮಾಅತ್‌ಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ಸಂಖ್ಯೆಯನ್ನು ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿಯೇ ಹಾಕಿರಿ. ಖತೀಬರು ವರ್ಷಕ್ಕೊಂದು ಜುಮುಆ ಪ್ರವಚನವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ಪ್ರಾರ್ಥನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಜ್ವರ ಬಂದಾಗ ಪ್ರಾರ್ಥನೆಯ ಜೊತೆಗೆ ಔಷಧಿಯನ್ನೂ ಸೇವಿಸುವ ನಾವು, ಮನಸ್ಸಿನ ಕಾಯಿಲೆಗೆ ಮಾತ್ರ ಬೇರೆ ನ್ಯಾಯ ಮಾಡದಿರೋಣ. ನಿಮ್ಮ ಮನೆಯಲ್ಲಿ ಮೌನವಾಗಿರುವವರ ಬಳಿ ಇಂದು ರಾತ್ರಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ ಎಂದು ಕೋರುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ.